ಅತ್ತೆಯ ರಕ್ತ ಅತ್ತೆಗೇ

ಈ ಬರಹದಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಅತ್ತೆಯ ಆಪರೇಷನ್ ಆದ ದಿನ ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು ಎಂದು ನನ್ನ ನೆನಪು. ಅಪ್ಪನನ್ನು ಕೇಳಿದರೆ, ಮಳೆ ಎಲ್ಲಿಂದ ಬರಬೇಕು, ಆವತ್ತಿನ ಬಿಸಿಲಿಗೆ ಆಸ್ಪತ್ರೆಯ ಎದುರಿನ ಗಾಡಿಯಲ್ಲಿ ಮತ್ತೆ ಮತ್ತೆ ಕಬ್ಬಿನ ಹಾಲು ಕುಡಿದೆ ಎನ್ನುತ್ತಾರೆ. ಅಪ್ಪ ಹೇಳುವುದೇ ಸರಿ ಇರಬೇಕು. ದಿನಚರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನಿಂದಲೂ ಇದೆ, ಆದರೆ ಆ ವಾರ ನಾನು ಏನೂ ಬರೆದಿಲ್ಲ. ಬರೆಯುವಂಥದ್ದು ನಡೆಯುವ ದಿನಗಳಲ್ಲಿ ಬರೆಯಲು ಕೈ ಬರುವುದಿಲ್ಲ.

ಮಳೆಯ ಮಾತು ಹೋಗಲಿ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ನೆನಪು. ಅತ್ತೆಯ ರಕ್ತ ಒಂದು ಪಾರದರ್ಶಕ ಬಟ್ಟಲಿನಲ್ಲಿ ತಿರುಗುತ್ತಿದೆ. ಎಷ್ಟು ವೇಗವಾಗಿ ಎಂದರೆ ತಿರುಗುತ್ತಿರುವುದೇ ತಿಳಿಯುವುದಿಲ್ಲ, ಸುಮ್ಮನೆ ನಿಂತಂತೆ ಕಾಣುತ್ತದೆ. ಬಟ್ಟಲಿನ ಅಂಚಿನಲ್ಲಿ ದಾಸವಾಳದ ಬಣ್ಣದ ಒಂದು ಗೋಡೆ ಮೆಲ್ಲಗೆ ದಪ್ಪವಾಗುತ್ತ ಹೋಗುತ್ತದೆ. ಒಳಗೆ ಬಿಟ್ಟ ಸಲೈನ್ ಇನ್ನೊಂದು ಕೊಳವೆಯಿಂದ ಮೊದಲು ಕೆಂಪಾಗಿ, ಆಮೇಲೆ ಗುಲಾಬಿಯಾಗಿ, ಕೊನೆಗೆ ಬರೀ ನೀರಾಗಿ ಹೊರಬೀಳುತ್ತದೆ. ಕಣ್ಣು ಮುಚ್ಚಿದರೆ ಇದು ಈಗಲೂ ಕಾಣುತ್ತದೆ. ಆದರೆ ಆ ದಿನ ನಾನು ಆಪರೇಷನ್ ಥಿಯೇಟರಿನ ಒಳಗೆ ಇರಲೇ ಇಲ್ಲ, ಒಂದು ಮಹಡಿ ಕೆಳಗೆ ಲ್ಯಾಬಿನಲ್ಲಿದ್ದೆ. ಆ ಬಟ್ಟಲನ್ನು ನಾನು ನೋಡಿದ್ದು ಬೇರೆ ಯಾವುದೋ ದಿನ, ಬೇರೆ ಯಾರದೋ ಆಪರೇಷನ್ನಿನಲ್ಲಿ. ಯಾರೋ ಅಪರಿಚಿತರ ರಕ್ತವನ್ನು ನಾನು ಅತ್ತೆಯದು ಎಂದು ಇಟ್ಟುಕೊಂಡಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಜೀವರಸಾಯನದಲ್ಲಿ ಎಂ.ಎಸ್ಸಿ. ಮುಗಿಸಿ ಪುಣೆಯ ಒಂದು ಆಸ್ಪತ್ರೆಯ ಲ್ಯಾಬಿಗೆ ಸೇರಿದ್ದೆ. ಆ ಬಟ್ಟಲಿನ ಯಂತ್ರ ಅಲ್ಲಿಗೆ ಆಗಷ್ಟೇ ಬಂದಿತ್ತು, ಮುಖ್ಯವಾಗಿ ಹೃದಯದ ಆಪರೇಷನ್ನುಗಳಿಗೆ. ಆಪರೇಷನ್ ನಡೆಯುವಾಗ ಸುರಿಯುವ ರಕ್ತವನ್ನು ಚೆಲ್ಲದೆ, ಕೊಳವೆಯಿಂದ ಹೀರಿಕೊಂಡು, ಹೆಪ್ಪುಗಟ್ಟದಂತೆ ಔಷಧಿ ಬೆರೆಸಿ, ಸೋಸಿ, ಬಟ್ಟಲಿನಲ್ಲಿ ತಿರುಗಿಸಿ ತೊಳೆದು, ಕೆಂಪು ಕಣಗಳನ್ನಷ್ಟೇ ಚೀಲಕ್ಕೆ ತುಂಬಿ ಅದೇ ರೋಗಿಗೆ ಮರಳಿ ಕೊಡುವ ಯಂತ್ರ ಅದು. ಹಾಗೆ ಮರಳಿ ಹೋಗುವ ಕಣಗಳು ಹೇಗಿವೆ ಎಂದು ನೋಡುವುದು ನನ್ನ ಕೆಲಸ. ಚೀಲದಿಂದ ಬಂದ ಚೂರು ರಕ್ತವನ್ನು ಗಾಜಿನ ಸಣ್ಣ ನಳಿಕೆಗೆ ತುಂಬಿ ತಿರುಗಿಸಿದರೆ ಕಣಗಳು ತಳಕ್ಕಿಳಿಯುತ್ತವೆ, ಮೇಲೆ ನೀರು ನಿಲ್ಲುತ್ತದೆ. ನೀರು ತಿಳಿಯಾಗಿದ್ದರೆ ಕಣಗಳು ಇಡಿಯಾಗಿವೆ ಎಂದರ್ಥ. ಕೆಂಪಾಗಿದ್ದರೆ ಅವು ಒಡೆದು ಒಳಗಿನ ಬಣ್ಣವೆಲ್ಲ ಹೊರಬಂದಿದೆ. ಆ ಬಣ್ಣ ಕಿಡ್ನಿಗೆ ಕೆಟ್ಟದ್ದು, ಅಂಥ ಚೀಲವನ್ನು ಹಾಗೇ ಕೊಡುವಂತಿಲ್ಲ.

ಕಣಗಳು ಸಾಮಾನ್ಯವಾಗಿ ಒಡೆಯುವುದು ಯಂತ್ರದಲ್ಲಿ ಅಲ್ಲ, ಅದಕ್ಕೂ ಮುಂಚೆ, ಹೀರುವಾಗ. ಎಳನೀರು ಮುಗಿಯುತ್ತ ಬಂದಾಗ ಸ್ಟ್ರಾ ಸೊರಸೊರ ಎನ್ನುತ್ತದಲ್ಲ, ಗಾಳಿಯೂ ನೀರೂ ಒಟ್ಟಿಗೆ ಬರುವ ಸದ್ದು. ಥಿಯೇಟರಿನಲ್ಲಿ ಆ ಸದ್ದು ಕೇಳಿದರೆ ಕಣಗಳು ಒಡೆಯುತ್ತಿವೆ ಎಂದು ತಿಳಿಯಬೇಕು. ಕೊಳವೆಯ ತುದಿಯನ್ನು ರಕ್ತದಲ್ಲಿ ಮುಳುಗಿಸಿಟ್ಟು, ಎಳೆತ ಕಡಿಮೆ ಮಾಡಿ, ಅವಸರ ಮಾಡದೆ ಹೀರಬೇಕು. ರಕ್ತ ಹೀರಿಕೊಂಡ ಬಟ್ಟೆಯನ್ನೂ ಹಿಂಡಬಾರದು, ಸಲೈನಿನಲ್ಲಿ ಅದ್ದಿ ತಾನಾಗಿ ಬಿಡುವಂತೆ ಮಾಡಬೇಕು.

ಇನ್ನು ಅತ್ತೆ. ಅಪ್ಪನ ತಂಗಿ, ಮದುವೆಯಾಗಿರಲಿಲ್ಲ, ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ನಮ್ಮ ಮನೆಯಲ್ಲೇ ಇದ್ದಳು. ಪಿಂಪ್ರಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತೆ. ಬೆಳಗ್ಗೆ ಶಿವಾಜಿನಗರದಲ್ಲಿ ಲೋಕಲ್ ರೈಲು ಹತ್ತುವುದು, ಸಂಜೆ ಅಲ್ಲೇ ಇಳಿದು ಕೈಯಲ್ಲಿ ಮೇಥಿ ಸಿವುಡು ಹಿಡಿದು ಮೂರನೇ ಮಹಡಿ ಹತ್ತಿ ಬರುವುದು. ನಮ್ಮ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಚಪ್ಪೆಯ, ಎಂದರೆ ಸೊಂಟಕ್ಕೆ ತೊಡೆ ಕೂಡುವಲ್ಲಿನ, ಕೀಲು ಸವೆದ ಮೇಲೆ ಅವಳು ಇಳಿಯುವುದನ್ನೇ ಬಿಟ್ಟಳು. ಹಗಲೆಲ್ಲ ಮನೆಯ ಹೊರಗಿನ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕಟ್ಟಡಗಳ ಆಚೆ ಹೋಗುವ ಗಾಡಿಯ ಸದ್ದು ಕೇಳಿ, "ಇವತ್ತು ತಡಾ ಆತು" ಎನ್ನುವಳು. ರಜೆ ಇನ್ನು ಕೆಲವೇ ತಿಂಗಳು ಉಳಿದಿತ್ತು. ಮುಗಿದ ಮೇಲೂ ಹೋಗಲಾಗದಿದ್ದರೆ ಕೆಲಸ ಬಿಡಬೇಕೆಂದು ಆಫೀಸಿನವರು ಹೇಳಿಯಾಗಿತ್ತು.

ಕೀಲು ಬದಲಿಸಬಹುದು ಎಂದು ನಮ್ಮ ಆಸ್ಪತ್ರೆಯ ಮೂಳೆ ಡಾಕ್ಟರು ಹೇಳಿದಾಗ ಅವಳು ಹೆಚ್ಚೇನೂ ಕೇಳಲಿಲ್ಲ.

"ನನಗ ಓಡೂದು ಬ್ಯಾಡ, ಹಾರೂದು ಬ್ಯಾಡ. ಲೋಕಲ್ ಹತ್ತಿ ಇಳಿಯೂವಷ್ಟು ಕಾಲು ಕೊಟ್ರ ಸಾಕು."

ತೊಡಕು ಬಂದದ್ದು ರಕ್ತದ ವಿಷಯದಲ್ಲಿ. ಅತ್ತೆಯ ಗುಂಪು ಓ ಎಂದು ನಮಗೆಲ್ಲ ಗೊತ್ತಿತ್ತು. ಕಾರ್ಖಾನೆಯ ಶಿಬಿರದಲ್ಲಿ ವರ್ಷವೂ ರಕ್ತ ಕೊಟ್ಟು ಒಂದು ಸ್ಟೀಲ್ ಡಬ್ಬಿ ತರುತ್ತಿದ್ದಳು. "ನಮ್ಮ ಅಡಗಿಮನಿ ಅರ್ಧ ಆಕೀ ರಕ್ತದ ಮ್ಯಾಲ ನಡೀತದ" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಹಾಗಾಗಿ ಆಪರೇಷನ್ನಿಗೆ ರಕ್ತ ಬೇಕೆಂದಾಗ ಅವಳ ಆಫೀಸಿನ ಓ ಗುಂಪಿನವರೆಲ್ಲ ಲೋಕಲ್ ಹತ್ತಿ ಬಂದರು. ಅವರಲ್ಲಿ ಬೆಳಗಾವಿ ಕಡೆಯ ಒಬ್ಬ ದಪ್ಪ ಮನುಷ್ಯ, ತೋಳು ಮಡಚಿಕೊಂಡೇ ಒಳಗೆ ಬಂದ.

"ಬಾಯಾರ, ನಂದು ಪಕ್ಕಾ ಓ ಅದರಿ. ಎಷ್ಟ ಬೇಕಷ್ಟ ತಗೋರಿ. ಮಧ್ಯಾಹ್ನದ ಊಟ ಮಾತ್ರ ನಿಮ್ಮ ಮನ್ಯಾಗ."

"ನಿನ್ನ ಊಟಕ್ಕ ನನ್ನ ಎರಡೂ ಕೀಲು ಮಾರಬೇಕಾಗ್ತದ" ಎಂದಳು ಅತ್ತೆ.

ಅವರಲ್ಲಿ ಒಬ್ಬರ ರಕ್ತವೂ ಹೊಂದಲಿಲ್ಲ. ಅತ್ತೆಯ ರಕ್ತದ ತಿಳಿಗೆ ಯಾರ ಕಣ ಹಾಕಿದರೂ ಒಡೆದ ಹಾಲಿನಂತೆ ಗಂಟುಗಂಟಾಗುತ್ತಿತ್ತು. ರಕ್ತನಿಧಿಯ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ಇದು ಓ ಅಲ್ಲ, ಬಾಂಬೆ ಗುಂಪು ಎಂದರು. ಮೇಲುಮೇಲಿನ ಪರೀಕ್ಷೆಗೆ ಓ ಎಂದೇ ಕಾಣುತ್ತದೆ. ಶಿಬಿರದಲ್ಲಿ ಅಷ್ಟಕ್ಕೇ ಬಿಟ್ಟಿದ್ದರು. ಇಂಥವರಿಗೆ ಇಂಥವರ ರಕ್ತವೇ ಆಗಬೇಕು, ಇಂಥವರು ಬಹಳ ಕಡಿಮೆ. ದಪ್ಪ ಮನುಷ್ಯ ಅಂಗಿಯ ತೋಳು ಇಳಿಸಿಕೊಳ್ಳುತ್ತ, "ಊಟದ ಮಾತಾದ್ರೂ ಹಂಗ ಅದಲ್ರಿ?" ಎಂದು ಕೇಳಿದ. ಅವ್ವ ಎಲ್ಲರಿಗೂ ಊಟ ಹಾಕಿ ಕಳಿಸಿದಳು.

ರಕ್ತನಿಧಿಯ ಡಾಕ್ಟರು ಅತ್ತೆಯ ಹಾಸಿಗೆಯ ಪಕ್ಕ ಕೂತು ಮರಾಠಿಯಲ್ಲಿ ಕೇಳಿದರು, ನಿಮ್ಮ ತಂದೆತಾಯಿ ಸಂಬಂಧಿಕರೇನು? ಅತ್ತೆ ಮರಾಠಿಯಲ್ಲೇ, ನಮ್ಮ ಅವ್ವ ನಮ್ಮ ಅಪ್ಪನನ್ನು ಮೊದಲು ಮಾಮಾ ಎಂದು ಕರೆಯುತ್ತಿದ್ದಳು ಎಂದಳು. ನಮ್ಮಲ್ಲಿ ಅದು ವಿಶೇಷವಲ್ಲ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ಧಾರವಾಡದ ನಮ್ಮ ಮನೆತನದಲ್ಲಿ ತಲೆಮಾರುಗಳಿಂದ ನಡೆದು ಬಂದದ್ದು. ಇಂಥ ಗುಂಪು ಅಂಥ ಮನೆಗಳಲ್ಲಿ ಹೆಚ್ಚು ಕಾಣಿಸುತ್ತದೆ, ಒಡಹುಟ್ಟಿದವರಲ್ಲಿ ಇನ್ನೊಬ್ಬರಿಗೆ ಇರಬಹುದು, ಅವರನ್ನು ಕರೆಸಿ ಎಂದರು ಡಾಕ್ಟರು. ಅಪ್ಪನದು ಸಾದಾ ಬಿ ಬಂತು. ಉಳಿದವರು ಶಿರೂರಿನ ಕಾಕಾ.

ಆ ಹೆಸರು ಎತ್ತಿದ್ದೇ ಅತ್ತೆ ಗೋಡೆಯ ಕಡೆ ತಿರುಗಿಕೊಂಡಳು.

ಕಾಕಾ ಅಪ್ಪನಿಗಿಂತ ಚಿಕ್ಕವರು, ಅತ್ತೆಗಿಂತ ದೊಡ್ಡವರು. ಅತ್ತೆಯನ್ನೂ ಅವಳ ಸೋದರಮಾವನಿಗೇ ಕೊಡುವುದೆಂದು ಅವಳನ್ನು ಕೇಳದೆ ಮಾತು ಕೊಟ್ಟವರು ಅವರು. ನಿಶ್ಚಯದ ದಿನ ಅತ್ತೆ ಯಾರಿಗೂ ಹೇಳದೆ ರೈಲು ಹತ್ತಿ ಪುಣೆಗೆ, ಅಪ್ಪನ ಹತ್ತಿರ ಬಂದುಬಿಟ್ಟಳು. ನನಗೆ ತಂಗಿಯೇ ಇಲ್ಲ ಎಂದು ಕಾಕಾ ನೆರೆದವರೆದುರು ಹೇಳಿದರಂತೆ. ಆಮೇಲೆ ಅವರೂ ಪುಣೆಯ ಹತ್ತಿರದ ಶಿರೂರಿಗೆ ಬಂದು ಬಟ್ಟೆ ಅಂಗಡಿ ಹಾಕಿದರು. ಹಬ್ಬಕ್ಕೆ ನಮ್ಮ ಮನೆಗೆ ಬರುತ್ತಿದ್ದರು, ಅಣ್ಣ ತಂಗಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಲೂ ಇದ್ದರು. ಮಾತು ಮಾತ್ರ ನಮ್ಮ ಮೂಲಕ. "ಚಹಾಕ್ಕ ಸಕ್ರಿ ಸಾಕೇನು ಕೇಳು ಅವರನ್ನ" ಎಂದು ಅತ್ತೆ ನನಗೆ ಹೇಳುವಳು. ಕಾಕಾ ಎದುರಿಗೇ ಕೂತು, "ಸಾಕಂತ ಹೇಳು" ಎನ್ನುವರು. ನಾನು ಎರಡೂ ಸಲ ಬಾಯಿ ತೆರೆಯುವ ಮೊದಲೇ ಚಹಾ ಬಂದಿರುತ್ತಿತ್ತು.

ಅಪ್ಪ ಶಿರೂರಿಗೆ ಹೋಗಿ ಬಂದ ಮರುದಿನವೇ ಕಾಕಾ ಎಸ್.ಟಿ. ಬಸ್ಸಿನಲ್ಲಿ ಬಂದರು. ಅವರ ರಕ್ತ ಪರೀಕ್ಷೆ ಮಾಡಿದಾಗ ಅದೇ ಗುಂಪು. ನನಗೆ ಆಗ ಆದ ಸಂತೋಷ ಚೆನ್ನಾಗಿ ನೆನಪಿದೆ, ಏಕೆಂದರೆ ಅದು ಬಹಳ ಹೊತ್ತು ಉಳಿಯಲಿಲ್ಲ. ವಾರ್ಡಿಗೆ ಬಂದು ಕಾಕಾ ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತರು. ಅತ್ತೆ ನನ್ನನ್ನು ನೋಡಿ ಹೇಳಿದಳು.

"ಅವರಿಗೆ ಹೇಳು, ಬಂದದ್ದು ಛಲೋ ಆತು. ಆದ್ರ ನನಗ ಅವರ ರಕ್ತ ಬ್ಯಾಡ."

"ಆಕೀಗೆ ಹೇಳು," ಎಂದರು ಕಾಕಾ, "ರಕ್ತಕ್ಕ ಮಾತು ಬರೂದಿಲ್ಲ. ಸುಮ್ಮ ಒಳಗ ಹೋಗಿ ತನ್ನ ಕೆಲಸಾ ಮಾಡ್ತದ."

"ಒಳಗ ಹೋದ ಮ್ಯಾಲ ಹೊರಗ ಹಾಕ್ಲಿಕ್ಕೆ ಬರೂದಿಲ್ಲ ಅಂತ ಹೇಳು."

ಅಪ್ಪನಿಗೆ ಸಿಟ್ಟು ಬಂತು. "ಇದೇನು ಟಪಾಲು ಕಚೇರಿ ಏನು? ಇಬ್ಬರೂ ಮುದುಕರಾಗ್ಲಿಕ್ಕೆ ಬಂದ್ರಿ."

"ನಾ ಇನ್ನೂ ಆಗಿಲ್ಲ" ಎಂದಳು ಅತ್ತೆ.

ಕಾಕಾ ರಕ್ತನಿಧಿಗೆ ಹೋಗಿ ಒಂದು ಚೀಲ ರಕ್ತ ಕೊಟ್ಟು ಬಂದರು. ಅವರ ಮುಖ ನೋಡಲು ನನಗೆ ಆಗಲಿಲ್ಲವೋ, ಅಥವಾ ನೋಡಿಯೂ ಮರೆತಿದ್ದೇನೋ.

ಯಂತ್ರದ ಮಾತು ತೆಗೆದದ್ದು ಅರಿವಳಿಕೆ ಕೊಡುವ ಡಾಕ್ಟರಮ್ಮ. ಅತ್ತೆಯ ರಕ್ತವನ್ನೇ ಹಿಡಿದು ತೊಳೆದು ಕೊಡೋಣ, ಅಣ್ಣನ ಚೀಲ ಫ್ರಿಜ್ಜಿನಲ್ಲಿ ಇರಲಿ, ತೀರಾ ಅಗತ್ಯ ಬಿದ್ದರೆ ನೋಡೋಣ ಎಂದರು. ಆ ಚೀಲ ಕೈಗೆಟುಕುವಂತೆ ಇರದೆ ಆಪರೇಷನ್ ಮಾಡುವುದಿಲ್ಲ ಎಂದು ಮೂಳೆ ಡಾಕ್ಟರು ಹೇಳಿದ್ದರು. ಅತ್ತೆ ಯೋಚಿಸಿ, "ಇಟ್ಕೋರಿ. ಹಾಕಬ್ಯಾಡ್ರಿ" ಎಂದಳು. ಡಾಕ್ಟರಮ್ಮನಿಗೆ ನಾನು ಮರಾಠಿಯಲ್ಲಿ ಹೇಳಿದ್ದು ಇದರಲ್ಲಿ ಮೊದಲ ಅರ್ಧ ಮಾತ್ರ ಎಂದು ನೆನಪು. ಆದರೆ ಅತ್ತೆಗೆ ನನಗಿಂತ ಚೆನ್ನಾಗಿ ಮರಾಠಿ ಬರುತ್ತಿತ್ತು, ಉಳಿದರ್ಧ ಅವಳೇ ಹೇಳಿರಬೇಕು.

ಆ ಸಂಜೆ ಅವಳು ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಯಂತ್ರದ ಬಗ್ಗೆ ಕೇಳಿದಳು.

"ನನ್ನ ರಕ್ತ ಒಗದು, ಹಿಂಡಿ, ಮತ್ತ ನನಗ ಉಡಸ್ತೀರೇನು?"

"ಹಿಂಡೂದಿಲ್ಲ ಅತ್ಯಾ. ಹಿಂಡಿದ್ರ ಕಣ ಒಡೀತಾವ."

"ಎಲ್ಲಾ ಬರ್ತದೇನು ವಾಪಸ್?"

"ಇಲ್ಲ. ಕೆಂಪು ಕಣ ಅಷ್ಟ. ಅದೂ ಎಲ್ಲಾ ಅಲ್ಲ. ಉಳದದ್ದು ತೊಳದ ನೀರಿನ್ಯಾಗ ಹೋಗ್ತದ."

 ವಾರ್ಡಿನ ಕಿಟಕಿಯಲ್ಲಿ ಬೇವಿನ ಗಿಡದ ಎಲೆಗಳು ಬೆಳಕನ್ನು ಚೂರುಚೂರು ಮಾಡಿ ಅವಳ ಹೊದಿಕೆಯ ಮೇಲೆ ಚೆಲ್ಲುತ್ತಿದ್ದವು. "ಇಷ್ಟೆಲ್ಲಾ ಒಗದ ಮ್ಯಾಲೂ ಅದು ನಂದ ಇರ್ತದಂತೀಯೇನು?" ಎಂದು ಕೇಳಿದಳು. ಇರುತ್ತದೆ ಎಂದೆ. ಆಗ ನನಗೆ ಅದರಲ್ಲಿ ಸಂಶಯವೇ ಇರಲಿಲ್ಲ. ಓದಿದ ವಿಷಯ ಅದು.

ಆಪರೇಷನ್ನಿಗೆ ಅವಳನ್ನು ಪೂರ್ತಿ ಮಲಗಿಸಲಿಲ್ಲ. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸಿದರು. ಎದೆಯ ಮೇಲೆ ಹಸಿರು ಪರದೆ, ಆಚೆ ನಡೆಯುವುದು ಕಾಣುವುದಿಲ್ಲ, ಕೇಳುತ್ತದೆ. ಅರ್ಧ ಮಂಪರಿನಲ್ಲಿ ಅವಳಿಗೆ ಯಂತ್ರದ ಸದ್ದು, ದೂರದಲ್ಲಿ ಲೋಕಲ್ ಬಂದಂತೆ ಕೇಳುತ್ತಿತ್ತಂತೆ. ಬರುತ್ತಲೇ ಇದೆ, ಬಂದು ನಿಲ್ಲುವುದಿಲ್ಲ. ಜನ ಪ್ಲಾಟ್‌ಫಾರ್ಮಿನ ತುದಿಗೆ ಬಂದು ನಿಂತಿದ್ದಾರೆ, ಅವಳೂ ಅವರ ನಡುವೆ ಪರ್ಸು ಹಿಡಿದು ನಿಂತಿದ್ದಾಳೆ, ಕಾಲು ನೋಯುತ್ತಿಲ್ಲ.

ಕೆಳಗೆ ಲ್ಯಾಬಿನಲ್ಲಿ ಮೊದಲ ಮಾದರಿ ಬಂತು. ಅತ್ತೆ ನನ್ನ ಮನೆಯವಳಾದ್ದರಿಂದ ತೀರ್ಮಾನ ನನ್ನದಲ್ಲ, ಲ್ಯಾಬಿನ ಮುಖ್ಯಸ್ಥೆಯದು, ನಾವೆಲ್ಲ ಮರಾಠಿಯ ರೂಢಿಯಂತೆ ‘ಬಾಯಿ’ ಎನ್ನುತ್ತಿದ್ದ ಹಿರಿಯರದು, ಎಂದು ಮೊದಲೇ ಮಾತಾಗಿತ್ತು. ನಳಿಕೆ ತಿರುಗಿಸಿ ತೆಗೆದೆ. ಕಣಗಳ ಮೇಲೆ ನಿಂತ ನೀರು ಕೋಕಂ ಶರಬತ್ತಿನ ಕೆಂಪು ಬಣ್ಣಕ್ಕಿತ್ತು. ಬಾಯಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಲೆ ಅಲ್ಲಾಡಿಸಿ, ಥಿಯೇಟರಿಗೆ ಫೋನು ಮಾಡಿದರು. ಮೂಳೆ ಕೊರೆಯುವಾಗ ರಕ್ತ ಜೋರಾಗಿ ಬಂದು, ಅವಸರದಲ್ಲಿ ಎಳೆತ ಹೆಚ್ಚಿಸಿದ್ದರಂತೆ. ಕಣಗಳು ಒಡೆದಿದ್ದವು, ಆದರೆ ಎಲ್ಲವೂ ಅಲ್ಲ. ಒಡೆಯದೆ ಉಳಿದದ್ದನ್ನು ಇನ್ನೊಮ್ಮೆ, ಹೆಚ್ಚು ಸಲೈನ್ ಬಿಟ್ಟು ತೊಳೆದರೆ ಕೆಂಪು ನೀರು ಹೋಗಬಹುದು. ಅಷ್ಟರಲ್ಲಿ ಅತ್ತೆಯ ರಕ್ತದೊತ್ತಡ ಇಳಿಯತೊಡಗಿತ್ತು. ಕಾಕಾನ ಚೀಲವನ್ನು ಫ್ರಿಜ್ಜಿನಿಂದ ತೆಗೆದು ಥಿಯೇಟರಿಗೆ ಒಯ್ದರು.

ಆ ಚೀಲ ನಮ್ಮ ಬಾಗಿಲ ಮುಂದೆಯೇ ಹಾದು ಹೋಯಿತು. ಹಾಗೆಂದು ನನ್ನ ನೆನಪು. ರಕ್ತನಿಧಿ ಇದ್ದದ್ದು ಇನ್ನೊಂದು ಬದಿಗೆ, ನಮ್ಮ ಬಾಗಿಲ ಮುಂದೆ ಅದು ಹೇಗೆ ಹಾದುಹೋಗಬೇಕು ಎಂದು ಈಗ ಕೇಳಿಕೊಂಡರೆ ಉತ್ತರವಿಲ್ಲ. ಆದರೂ ಬಟ್ಟೆ ಸುತ್ತಿದ ಆ ಕಡುಗೆಂಪು ಚೀಲ, ಅದನ್ನು ಎತ್ತಿಕೊಂಡು ಹೋಗುವವರ ನಿಧಾನ ನಡಿಗೆ, ಕಾರಿಡಾರಿನ ಬೆಂಚಿನಿಂದ ಎದ್ದು ನಿಂತ ಕಾಕಾ, ಎಲ್ಲ ನೀರಿನೊಳಗೆ ನಡೆದಂತೆ ಕಾಣುತ್ತದೆ.

ಎರಡನೇ ಮಾದರಿ ಬಂತು. ಬಾಯಿ ನನ್ನ ಕೈಯಿಂದ ನಳಿಕೆ ತೆಗೆದುಕೊಂಡು ತಾವೇ ತುಂಬಿ ತಿರುಗಿಸಿದರು.  ಈ ಸಲ ಮೇಲೆ ನಿಂತ ನೀರು ಪೂರ್ತಿ ತಿಳಿಯಲ್ಲ, ಕೆಂಪೂ ಅಲ್ಲ. ಬಿಳಿ ಬಟ್ಟೆಗೆ ಕುಂಕುಮ ತಾಗಿ, ಒಗೆದ ಮೇಲೂ ಉಳಿಯುತ್ತದಲ್ಲ, ಇದೆಯೋ ಇಲ್ಲವೋ ಎನ್ನುವಂಥ ಬಣ್ಣ, ಅಷ್ಟು. ನಾನು ಒಂದು ಹನಿಯನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕೆಲವು ಒಡೆದ ಚೂರುಗಳು, ಉಳಿದಂತೆ ಎಲ್ಲ ದುಂಡಗೆ, ನಡುವೆ ಮಸುಕು, ಒಂದಕ್ಕೊಂದು ತಾಗದಂತೆ ತೇಲುತ್ತಿದ್ದವು. ಬಾಯಿಯೂ ನೋಡಿದರು. "ಚಾಲೇಲ" ಎಂದರು, ನಡೆಯುತ್ತದೆ. ಫೋನು ಎತ್ತಿದರು.

ಅತ್ತೆಗೆ ಅವಳ ರಕ್ತವೇ ಹೋಯಿತು. ಕಾಕಾನ ಚೀಲವನ್ನು ತೆರೆಯದೆ ಮರಳಿ ಫ್ರಿಜ್ಜಿಗೆ ಕಳಿಸಿದರು. ವಾರ್ಡಿಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ, "ನಂದೇನು?" "ಎಲ್ಲಾ ನಿಂದ ಅತ್ಯಾ" ಎಂದೆ. ಅವಳು ಕಣ್ಣು ಮುಚ್ಚಿದಳು. ಬಾಗಿಲಲ್ಲಿ ನಿಂತಿದ್ದ ಕಾಕಾ ಅದನ್ನು ಕೇಳಿಸಿಕೊಂಡು, ಅಪ್ಪನಿಗೆ ಹೇಳಿ, ಶಿರೂರಿನ ಬಸ್ಸು ಹಿಡಿದರು.

ಅವರ ಚೀಲ ಕೆಲವು ದಿನ ರಕ್ತನಿಧಿಯಲ್ಲಿತ್ತು. ಅದಕ್ಕೆ ಅಂಟಿದ್ದ ನಳಿಕೆಯ ತುಂಡಿನಿಂದ ಒಂದೊಂದು ಹನಿ ಬೇಡಿ ತಂದು ನಾನು ನೋಡುತ್ತಿದ್ದೆ. ಫ್ರಿಜ್ಜಿನಲ್ಲಿಟ್ಟ ಕಣಗಳು ಮೊದಲು ದುಂಡಗೇ ಇರುತ್ತವೆ. ದಿನ ಕಳೆದಂತೆ ಅಂಚಿಗೆ ಸಣ್ಣಸಣ್ಣ ಮುಳ್ಳು ಏಳುತ್ತವೆ, ಕೊನೆಗೆ ಚಿಕ್ಕ ಉಂಡೆಗಳಾಗುತ್ತವೆ. ಆಗ ಅವು ಕಿರಿದಾದ ರಕ್ತನಾಳಗಳಲ್ಲಿ ಬಾಗಿ ನುಸುಳಲಾರವು, ಹೊತ್ತು ತಂದ ಆಮ್ಲಜನಕವನ್ನು ಬಿಟ್ಟುಕೊಡುವುದೂ ನಿಧಾನ. ಅತ್ತೆಯ ಕಣಗಳಿಗೆ ಆ ಕಾಟವಿರಲಿಲ್ಲ, ಮೈಯಿಂದ ಹೊರಗೆ ಅವು ಇದ್ದದ್ದೇ ಸ್ವಲ್ಪ ಹೊತ್ತು. ಒಂದು ಮಧ್ಯಾಹ್ನ ಅತ್ತೆಯಿಂದಲೂ ಹೊಸದಾಗಿ ಒಂದು ಹನಿ ತಂದು ಇಬ್ಬರ ಗಾಜುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಕಾಕಾನ ಕಣಗಳಿಗೆ ಇನ್ನೂ ಮುಳ್ಳೆದ್ದಿರಲಿಲ್ಲ. ನೋಡುತ್ತ ನೋಡುತ್ತ ಯಾವುದು ಯಾರದು ಎಂಬುದೇ ತಪ್ಪಿತು, ಗಾಜಿನ ಮೇಲೆ ಬರೆದಿರಲಿಲ್ಲ. ಆಮೇಲೆ ಬೇರೆ ಊರಿನಿಂದ ಯಾರಿಗೋ ಆ ಗುಂಪು ಬೇಕೆಂದು ಕರೆ ಬಂತು, ಚೀಲ ಅಲ್ಲಿಗೆ ಹೋಯಿತು.

ಅತ್ತೆ ಮೊದಲು ಕೋಲು ಹಿಡಿದು, ಆಮೇಲೆ ಕೋಲಿಲ್ಲದೆ ಮೂರು ಮಹಡಿ ಇಳಿದಳು. ರಜೆ ಮುಗಿಯುವ ಮುನ್ನವೇ ಪಿಂಪ್ರಿಗೆ ಹೋದಳು. ನಿವೃತ್ತಿಯವರೆಗೂ ಲೋಕಲ್ ಹತ್ತಿ ಇಳಿದಳು. ಕಾಕಾ ಹಬ್ಬಕ್ಕೆ ಬರುತ್ತಲೇ ಇದ್ದರು. ಸಕ್ಕರೆಯ ವಿಚಾರಣೆ ನನ್ನ ಮೂಲಕವೇ ನಡೆಯುತ್ತಿತ್ತು, ನಾನು ಮದುವೆಯಾಗಿ ಚಿಂಚವಾಡಕ್ಕೆ ಹೋದ ಮೇಲೆ ಅವ್ವನ ಮೂಲಕ.

ಎರಡು ಸಾವಿರದ ನಂತರದ ಯಾವುದೋ ವರ್ಷ, ಒಂದು ಮದುವೆಯ ಊಟದಲ್ಲಿ ಆ ಅರಿವಳಿಕೆ ಡಾಕ್ಟರಮ್ಮ ಸಿಕ್ಕರು. ಅತ್ತೆಯ ನೆನಪು ಅವರಿಗಿತ್ತು. ಎರಡನೇ ಸಲ ತೊಳೆಯುತ್ತಿದ್ದಾಗ, ನಿಮ್ಮ ಅಣ್ಣನ ಚೀಲ ಇಲ್ಲೇ ಇದೆ, ಈಗ ಹಾಕಬೇಕಾಗಬಹುದು, ಹಾಕಲೇ ಎಂದು ಅವರು ಬಾಗಿ ಅತ್ತೆಯ ಕಿವಿಯಲ್ಲಿ ಕೇಳಿದ್ದರಂತೆ. ಅತ್ತೆ ಕಣ್ಣು ತೆರೆದು ಅವರನ್ನೇ ನೋಡಿ, ಏನೋ ಹೇಳಲು ತುಟಿ ಬಿಚ್ಚಿದಳಂತೆ. ಅಷ್ಟರಲ್ಲಿ ಲ್ಯಾಬಿನ ಫೋನು ಬಂತು. ಡಾಕ್ಟರಮ್ಮ ನೂರಾರು ಜನರ ಕಿವಿಯಲ್ಲಿ ಏನೇನೋ ಕೇಳಿದವರು. ಇದು ಅತ್ತೆಯದೇ ಎಂದು ಅವರಿಗೆ ಖಾತ್ರಿಯಿತ್ತೇ, ನನಗಾದರೂ ಇದೆಯೇ, ಹೇಳಲಾರೆ.

ಮರುವಾರ ತವರಿಗೆ ಹೋದಾಗ ಅತ್ತೆ ಗ್ಯಾಲರಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ತೆಗೆದುಕೊಂಡೆ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ.  ಅವಳ ಬೆರಳುಗಳು ಕಾಯಿ ಬಿಡಿಸುತ್ತಲೇ ಇದ್ದವು.

"ಆವಾಗ ಏನ ಹೇಳಬೇಕಂತ ಬಾಯಿ ತೆಗದಿದ್ದಿ, ಅತ್ಯಾ?" ಎಂದು ಕೇಳಿದೆ.

ಅವಳು ಕೈಯಲ್ಲಿದ್ದ ಕಾಯಿ ಬಿಡಿಸಿ ಕಾಳು ಬುಟ್ಟಿಗೆ ಹಾಕಿ, "ಹಬ್ಬಕ್ಕ ಬಂದಾಗ ಅವರಿಗೆ ಮಾತ್ರ ಹೇಳಬ್ಯಾಡ" ಎಂದಳು.